ಚಿಂಕ್ವೆ ತೆರ್ರೆಯ ಕಾಲುದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಚಿಂಕ್ವೆ ತೆರ್ರೆ ಎಂದು ಕರೆಯುವ ಐದು ಊರುಗಳ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ. ಊರುಗಳ ಹೆಸರು ಪಶ್ಚಿಮದಿಂದ ಪೂರ್ವಕ್ಕೆ ಹೀಗೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. ಪಶ್ಚಿಮದ ತುದಿಗೆ ಲೇವಂತೊ, ಪೂರ್ವದ ತುದಿಗೆ ಲಾ ಸ್ಪೇತ್ಸಿಯಾ ಪಟ್ಟಣ. ಈ ಪ್ರದೇಶ 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ನಾವು ಕುಮಾರಪರ್ವತ ಹತ್ತಿದವರು. ನಕ್ಷೆಯಲ್ಲಿ ಐದು ಊರುಗಳ ನಡುವೆ ಹನ್ನೆರಡು ಕಿಲೋಮೀಟರ್ ಇದ್ದಂತೆ ಕಾಣುತ್ತದೆ. ಒಂದೇ ದಿನದಲ್ಲಿ ಮುಗಿಸಬಹುದೇ? – ಓದುಗರೊಬ್ಬರು, ಮಂಗಳೂರು

ನಿಮ್ಮ ಕಾಲಿಗೆ ಆಗುತ್ತದೆ. ಆದರೆ ಹಾಗೆ ಮಾಡಬೇಡಿ ಅನ್ನುವುದೇ ನಮ್ಮ ಸಲಹೆ. ಕುಮಾರಪರ್ವತದಲ್ಲಿ ಒಮ್ಮೆ ಹತ್ತಿ ಒಮ್ಮೆ ಇಳಿದರೆ ಆಯಿತು. ಇಲ್ಲಿ ಹೆಚ್ಚಿನ ಊರುಗಳು ಸಮುದ್ರದ ಮಟ್ಟದಲ್ಲಿವೆ, ದಾರಿ ಮಾತ್ರ ಗುಡ್ಡದ ಮೇಲಿದೆ. ಹಾಗಾಗಿ ಪ್ರತಿ ಊರಿನಿಂದಲೂ ಹೊಸದಾಗಿ ಹತ್ತಬೇಕು. ಅದೂ ಮಣ್ಣಿನ ದಾರಿಯಲ್ಲ. ಒಂದೊಂದು ಒಂದೊಂದು ಎತ್ತರದ ಕಲ್ಲಿನ ಮೆಟ್ಟಿಲು.

ಮೊಂತೆರೊಸ್ಸೊ–ವೆರ್ನಾತ್ಸಾ ಸುಮಾರು ಮೂರೂವರೆ ಕಿ.ಮೀ., ಎರಡು ಗಂಟೆ ಇಟ್ಟುಕೊಳ್ಳಿ. ಕಡಿದಾದ ಮೆಟ್ಟಿಲುಗಳು ಮೊಂತೆರೊಸ್ಸೊ ಕಡೆಗಿವೆ. ಅಲ್ಲಿಂದ ಹೊರಟರೆ ಅವನ್ನು ಹತ್ತುತ್ತೀರಿ, ಇಳಿಯುವ ಪಾಡಿಲ್ಲ. ಮಂಡಿಗೆ ಅದೇ ಒಳ್ಳೆಯದು. ಕೊನೆಯಲ್ಲಿ ವೆರ್ನಾತ್ಸಾದ ಬಂದರು, ಗೋಪುರ ಎಲ್ಲ ಮೇಲಿನಿಂದ ಒಟ್ಟಿಗೆ ಕಾಣುವ ಜಾಗವೂ ಇದೇ ದಿಕ್ಕಿಗೆ ಸಿಗುತ್ತದೆ. ಕೆಲವೆಡೆ ದಾರಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಗುಂಪು ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಜನ ಕಿಕ್ಕಿರಿಯುವ ಕೆಲವು ರಜಾದಿನಗಳಲ್ಲಿ ಇಲ್ಲಿ ಏಕಮುಖ ಸಂಚಾರ ಮಾಡಿದ್ದೂ ಉಂಟು.

ವೆರ್ನಾತ್ಸಾ–ಕೊರ್ನೀಲ್ಯಾ ಸುಮಾರು ನಾಲ್ಕು ಕಿ.ಮೀ., ಒಂದೂವರೆಯಿಂದ ಎರಡು ಗಂಟೆ. ನಡುವೆ ಪ್ರೇವೊ ಎಂಬ ಹಳ್ಳಿಯ ಹತ್ತಿರ ದಾರಿ 200 ಮೀಟರ್ ದಾಟುತ್ತದೆ. ಆಲಿವ್ ಮರಗಳ ನೆರಳು ಅಲ್ಲಲ್ಲಿ ಇರುವುದರಿಂದ ಎರಡರಲ್ಲಿ ಇದು ಹಗುರ.

ಕೊರ್ನೀಲ್ಯಾದಿಂದ ಮನರೋಲಾಕ್ಕೆ ಕಡಲಂಚಿನ ದಾರಿ ಬಹಳ ವರ್ಷಗಳಿಂದ ಮುಚ್ಚಿದೆ. ಈಗ ಇರುವುದು ಗುಡ್ಡದ ಮೇಲಿನ ವೊಲಾಸ್ತ್ರಾ ಹಳ್ಳಿಯ ಮೂಲಕ ಹೋಗುವ ದಾರಿ: ಸುಮಾರು ಆರು ಕಿ.ಮೀ., ಎರಡೂವರೆಯಿಂದ ಮೂರು ಗಂಟೆ, ಹತ್ತಿರಹತ್ತಿರ 400 ಮೀಟರ್ ಎತ್ತರ. ಮೊದಲ ಮುಕ್ಕಾಲು ಗಂಟೆ ಕಾಡಿನೊಳಗೆ ನೇರ ಏರು. ಆಮೇಲೆ ದ್ರಾಕ್ಷಿ ತೋಟಗಳ ನಡುವೆ ಬಹುತೇಕ ಸಮತಟ್ಟು, ಕೆಳಗೆ ಇಡೀ ಸಮುದ್ರ. ಕಡೆಗೆ ಮನರೋಲಾಕ್ಕೆ ಮುಗಿಯದ ಮೆಟ್ಟಿಲಿಳಿತ. ಇಡೀ ಚಿಂಕ್ವೆ ತೆರ್ರೆಯಲ್ಲಿ ಒಂದೇ ಒಂದು ದಾರಿ ನಡೆಯುವುದಾದರೆ ಇದನ್ನೇ ನಡೆಯಿರಿ. ಇದಕ್ಕೆ ಟಿಕೆಟ್ ಇಲ್ಲ, ಜನವೂ ಕಡಿಮೆ.

ಕೊನೆಯ ಮನರೋಲಾ–ರಿಯೊಮಜ್ಜೋರೆ ನಡುವೆ ಎರಡು ದಾರಿ. ಒಂದು ಬಂಡೆಯ ಮುಖದಲ್ಲಿ ಕೊರೆದ, ಒಂದು ಕಿಲೋಮೀಟರ್ ಒಳಗಿನ ಸಮತಟ್ಟು ದಾರಿ, ವಿಯಾ ದೆಲ್ಲಾಮೋರೆ. ಇನ್ನೊಂದು ಹಳೆಯ ಬೆಕ್ಕಾರಾ ದಾರಿ: ದೂರ ಒಂದೂವರೆ ಕಿಲೋಮೀಟರ್ ಅಷ್ಟೇ, ಆದರೆ ಗುಡ್ಡದ ನೆತ್ತಿಗೆ ಹತ್ತಿ ಆಚೆಗೆ ಇಳಿಯುವಷ್ಟರಲ್ಲಿ ಒಂದು ಗಂಟೆಗಿಂತ ಹೆಚ್ಚಾಗುತ್ತದೆ. ಮಳೆ ಬಿದ್ದ ಮರುದಿನ ಅತ್ತ ಹೋಗಬೇಡಿ.

ಲೆಕ್ಕ ಹಾಕಿದರೆ ಬರಿ ನಡಿಗೆಗೇ ಎಂಟು ಗಂಟೆ. ಅಷ್ಟು ನಡೆದವರು ಊರುಗಳೊಳಗೆ ಕಾಲಿಟ್ಟು ಕಾಫಿ ಕುಡಿಯುವುದೂ ಕಷ್ಟ. ದಿನಕ್ಕೆ ಎರಡು ತುಂಡು ನಡೆದು, ಮರಳಲು ರೈಲು ಹಿಡಿಯುವಂತೆ ಎರಡು ದಿನಕ್ಕೆ ಹಂಚಿಕೊಳ್ಳಿ. ಊರಿಂದ ಊರಿಗೆ ರೈಲಿನಲ್ಲಿ ಐದು ನಿಮಿಷವೂ ಹಿಡಿಯುವುದಿಲ್ಲ. ಮೂರನೆಯ ದಿನ ಉಳಿದರೆ ಲೇವಂತೊದಿಂದ ಪುಂತಾ ಮೆಸ್ಕೊ ಭೂಶಿರದ ಮೇಲೆ ಮೊಂತೆರೊಸ್ಸೊಗೆ ಬನ್ನಿ. ಸುಮಾರು ಮೂರು ಗಂಟೆ ಹಿಡಿಯುತ್ತದೆ, ಟಿಕೆಟ್ ಬೇಡ, ಭೂಶಿರದ ತುದಿಯಿಂದ ಐದೂ ಊರುಗಳ ಕರಾವಳಿ ಒಂದೇ ನೋಟಕ್ಕೆ ಸಿಗುತ್ತದೆ.

ಅಮ್ಮನಿಗೆ 68, ಮಂಡಿ ನೋವಿದೆ. ಅವರನ್ನು ರೂಮಿನಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. – ಧಾರವಾಡ

ಬಿಟ್ಟು ಹೋಗಬೇಕಾಗಿಲ್ಲ. ಮನರೋಲಾದಿಂದ ವೊಲಾಸ್ತ್ರಾಕ್ಕೆ ಸಣ್ಣ ಬಸ್ ಇದೆ. ಮೇಲೆ ಇಳಿದು ದ್ರಾಕ್ಷಿ ತೋಟದ ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ ಬಸ್ಸಿನಲ್ಲೇ ಇಳಿಯಿರಿ. ಬಸ್ಸುಗಳು ಕಡಿಮೆ, ವಾಪಸು ಬಸ್ಸಿನ ಸಮಯವನ್ನು ಹತ್ತುವ ಮೊದಲೇ ಬರೆದುಕೊಳ್ಳಿ. ದಾರಿ ಕಿರಿದು, ಒಂದು ಬದಿಗೆ ಕಟಕಟೆ ಇಲ್ಲದ ಕಡೆಗಳಿವೆ. ತಲೆಸುತ್ತು ಇರುವವರಾದರೆ ಬೇಡ. ವಿಯಾ ದೆಲ್ಲಾಮೋರೆಯೂ ಅವರಿಗೆ ಸರಿಹೊಂದುತ್ತದೆ.

ಕೊರ್ನೀಲ್ಯಾದಲ್ಲಿ ಎಚ್ಚರ. ಊರು ಬಂಡೆಯ ಮೇಲೆ ನೂರು ಮೀಟರ್ ಎತ್ತರದಲ್ಲಿದೆ, ರೈಲು ನಿಲ್ದಾಣ ಕೆಳಗೆ. ನಡುವೆ ಲಾರ್ದರೀನಾ ಎಂಬ 380ರಷ್ಟು ಮೆಟ್ಟಿಲುಗಳ ಸಾಲು. ನಿಲ್ದಾಣದ ಹೊರಗಿಂದಲೇ ಬಸ್ ಹೊರಡುತ್ತದೆ, ರೈಲು ಇಳಿದ ಕೂಡಲೇ ಅದನ್ನು ಹಿಡಿಯಿರಿ. ಉಳಿದ ನಾಲ್ಕು ಊರುಗಳನ್ನು ದೋಣಿಯಿಂದಲೂ ನೋಡಬಹುದು. ಕೊರ್ನೀಲ್ಯಾಕ್ಕೆ ಬಂದರಿಲ್ಲ, ದೋಣಿ ನಿಲ್ಲುವುದಿಲ್ಲ. ದೋಣಿ ಸೇವೆ ವಸಂತದಿಂದ ಶರತ್ಕಾಲದವರೆಗೆ ಮಾತ್ರ; ಅಲೆ ಹೆಚ್ಚಿದ ದಿನ ಅದೂ ಇರದು. ಹತ್ತಿಳಿಯುವ ಹಲಗೆ ಅಲುಗಾಡುತ್ತದೆ, ಸಿಬ್ಬಂದಿ ಕೈ ಕೊಡುತ್ತಾರೆ, ಸಂಕೋಚಪಡದೆ ಹಿಡಿದುಕೊಳ್ಳಲು ಹೇಳಿ.

ಪ್ರತಿ ಬಾರಿ ವಿಚಾರಿಸಿದಾಗಲೂ ಯಾವುದಾದರೂ ಒಂದು ದಾರಿ ಮುಚ್ಚಿರುತ್ತದೆ. ಇಷ್ಟು ಹಣ ಬರುವ ಜಾಗದಲ್ಲಿ ರಿಪೇರಿ ಮಾಡಲು ಏನು ಕಷ್ಟ? – ಬೆಂಗಳೂರು

ಕಷ್ಟ ಗುಡ್ಡದಲ್ಲೇ ಇದೆ. ಇಡೀ ಇಳಿಜಾರನ್ನು ಶತಮಾನಗಳ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಗಾರೆ ಹಾಕದೆ ಕಲ್ಲಿನ ಪಾಗಾರ ಕಟ್ಟಿ ದ್ರಾಕ್ಷಿ ಬೆಳೆಸಿದರು. ಗಾರೆ ಇಲ್ಲದ್ದೇ ಅದರ ಗುಟ್ಟು: ಮಳೆನೀರು ಕಲ್ಲುಗಳ ಸಂದಿನಿಂದ ಸೋರಿಹೋಗುತ್ತದೆ, ಹಿಂದೆ ನೀರು ನಿಂತು ಒತ್ತಡ ಹಾಕುವುದಿಲ್ಲ. ಆದರೆ ಉದುರಿದ ಕಲ್ಲನ್ನು ವರ್ಷವರ್ಷವೂ ಕೈಯಿಂದಲೇ ಮತ್ತೆ ಕೂರಿಸಬೇಕು. ಮಕ್ಕಳು ಪಟ್ಟಣಕ್ಕೆ ಹೋದರು, ತೋಟಗಳು ಪಾಳುಬಿದ್ದವು. ಸಂದುಗಳು ಮುಚ್ಚಿ, ಪಾಗಾರ ಹೊಟ್ಟೆ ಉಬ್ಬಿ, ಒಂದು ದೊಡ್ಡ ಮಳೆಗೆ ಕೆಳಗಿನ ದಾರಿಯ ಮೇಲೆ ಕುಸಿಯುತ್ತದೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊದ ಬೀದಿಗಳು ಕೆಸರು ಕಲ್ಲುಗಳಲ್ಲಿ ಹೂತುಹೋದವು. 2012ರ ಸೆಪ್ಟೆಂಬರ್‌ನಲ್ಲಿ ವಿಯಾ ದೆಲ್ಲಾಮೋರೆಯಲ್ಲಿ ಬಂಡೆ ಉದುರಿ ಪ್ರವಾಸಿಗರು ಗಾಯಗೊಂಡರು. ಬಂಡೆಯ ಮುಖಕ್ಕೆ ಬಲೆ ಹೊದಿಸಿ, ಮೊಳೆ ಹೊಡೆದು, ಅದನ್ನು ಪೂರ್ತಿಯಾಗಿ ತೆರೆಯಲು 2024ರ ಬೇಸಿಗೆಯೇ ಬರಬೇಕಾಯಿತು.

ಆದ್ದರಿಂದ ಪಾಗಾರದ ಮೇಲೆ ಕೂರಬೇಡಿ, ಫೋಟೋಗಾಗಿ ಹತ್ತಬೇಡಿ. ಮುಚ್ಚಿದ ದಾರಿಯ ಬೇಲಿ ದಾಟುವವರನ್ನು ನೋಡಿ ಹಿಂದೆ ಹೋಗಬೇಡಿ. ಹವಾಮಾನ ಎಚ್ಚರಿಕೆ ಕಿತ್ತಳೆ ಅಥವಾ ಕೆಂಪು ಇದ್ದ ದಿನ ದಾರಿಗಳನ್ನು ಮುಚ್ಚುತ್ತಾರೆ. ಹಿಂದಿನ ಸಂಜೆ ಉದ್ಯಾನದ ಜಾಲತಾಣ ನೋಡುವುದು ಅಭ್ಯಾಸವಾಗಲಿ.

ಚಿಂಕ್ವೆ ತೆರ್ರೆ ಕಾರ್ಡ್ ಎರಡು ಥರ ಇದೆಯಂತೆ. ಯಾವುದು ಕೊಳ್ಳಬೇಕು? – ಮೈಸೂರು

ಒಂದು ನಡಿಗೆಗೆ ಮಾತ್ರ, ಇನ್ನೊಂದರಲ್ಲಿ ನಡಿಗೆಯ ಜೊತೆ ಲೇವಂತೊ–ಲಾ ಸ್ಪೇತ್ಸಿಯಾ ನಡುವಿನ ಎರಡನೇ ದರ್ಜೆಯ ಲೋಕಲ್ ರೈಲುಗಳೂ ಸೇರಿವೆ. ಬೆಲೆ ದಿನದಿಂದ ದಿನಕ್ಕೆ ಬೇರೆ. ಜನ ಹೆಚ್ಚುವ ದಿನ ದುಬಾರಿ. ಕಾರ್ಡ್ ಕೇಳುವುದು ಮೊಂತೆರೊಸ್ಸೊ–ವೆರ್ನಾತ್ಸಾ, ವೆರ್ನಾತ್ಸಾ–ಕೊರ್ನೀಲ್ಯಾ ಈ ಎರಡು ತುಂಡುಗಳಲ್ಲಿ. ಅವನ್ನು ನಡೆದು ಅದೇ ದಿನ ಮೂರು ನಾಲ್ಕು ಬಾರಿ ರೈಲು ಹತ್ತುವವರಿಗೆ ರೈಲಿನ ಕಾರ್ಡ್ ಲಾಭ. ವೊಲಾಸ್ತ್ರಾ ದಾರಿಯ ದಿನ ಕಾರ್ಡೇ ಬೇಡ, ಬಿಡಿ ಟಿಕೆಟ್ ಸಾಕು. ವಿಯಾ ದೆಲ್ಲಾಮೋರೆಗೆ ಬೇರೆ ಶುಲ್ಕ, ನಿಗದಿತ ಸಮಯದ ಬುಕಿಂಗ್ ಬೇಕು. ದೋಣಿ ಯಾವ ಕಾರ್ಡಿನಲ್ಲೂ ಇಲ್ಲ.

ಜನ ಹೆಚ್ಚಾಗಿ ದಂಡ ಕಟ್ಟುವುದು ಈ ಕಾರಣಕ್ಕೆ: ಕಾಗದದ ರೈಲು ಟಿಕೆಟ್ಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸುವುದಿಲ್ಲ. ಪ್ರವಾಸಿಗರಿಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಅಲ್ಲಿನ ಟಿಕೆಟ್ ತಪಾಸಕರು ಕೇಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು? ವೀಸಾಕ್ಕೆ ಎಷ್ಟು ಮುಂಚೆ ಓಡಾಡಬೇಕು? – ಶಿವಮೊಗ್ಗ

ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಎರಡನೇ ಅರ್ಧ. ಆಗಸ್ಟ್ ಬೇಡ: ಬಿಸಿಲು, ಜೊತೆಗೆ ಇಡೀ ಇಟಲಿಯೇ ರಜೆಯಲ್ಲಿ ಕಡಲಿಗೆ ಬಂದಿರುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ಮಳೆಯ ಕಾಲ.

ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು, ಹದಿನೈದು ದಿನಕ್ಕಿಂತ ತಡವಾಗುವಂತಿಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಇರಬೇಕು, ಗುಡ್ಡ ನಡಿಗೆ ಅದರಲ್ಲಿ ಸೇರಿದೆಯೇ ಓದಿ ನೋಡಿ. ಹಲವು ದೇಶ ಸುತ್ತುವವರು ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ಬೇಸಿಗೆಗೆ ಬೆಂಗಳೂರಿನ ಕೇಂದ್ರದಲ್ಲಿ ದಿನಾಂಕ ಸಿಗುವುದೇ ದೊಡ್ಡ ಕೆಲಸ, ಮೂರು ತಿಂಗಳು ಮೊದಲೇ ಕೂತುಬಿಡಿ.

ನಾವು ಮೀನು, ಮೊಟ್ಟೆ ಮುಟ್ಟುವುದಿಲ್ಲ. ಉಪವಾಸ ಬೀಳಬೇಕೇ? – ಉಡುಪಿ

ಉಪವಾಸವಿಲ್ಲ, ಎಚ್ಚರ ಬೇಕು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಸುಟ್ಟ ಫರಿನಾತಾ ನಿಮ್ಮ ಪಾಲಿಗೆ ಮೊದಲ ಆಸರೆ. ಒಲೆಯಿಂದ ಆಗಷ್ಟೇ ತೆಗೆದದ್ದನ್ನೇ ಕೇಳಿ, ಆರಿದರೆ ರುಚಿ ಹೋಯಿತು. ಬರಿ ಉಪ್ಪು, ಎಣ್ಣೆ ಅಥವಾ ಈರುಳ್ಳಿ ಹಾಕಿದ ಫೊಕಾಚ್ಚಾ ಬ್ರೆಡ್ ಬೇಕರಿಗಳಲ್ಲಿ ಬೆಳಗ್ಗೆಯೇ ಸಿಗುತ್ತದೆ, ದಾರಿಗೆ ಕಟ್ಟಿಸಿಕೊಳ್ಳಿ.

ಪೆಸ್ತೊ ಈ ಸೀಮೆಯದೇ: ತುಳಸಿಯ ಜಾತಿಯ ಬೇಸಿಲ್ ಎಲೆ, ಪೈನ್ ಬೀಜ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಚೀಸ್. ಆಲೂಗಡ್ಡೆ, ಹುರುಳಿಕಾಯಿ ಹಾಕಿ ಬೇಯಿಸಿದ ಪಾಸ್ತಾಕ್ಕೆ ಕಲಸಿ ಕೊಡುತ್ತಾರೆ. ಇಲ್ಲಿ ಎರಡು ಮಾತು. ಬೆಳ್ಳುಳ್ಳಿ ತಿನ್ನದವರಿಗೆ ಇದು ಆಗದು, ಬೇರೆಯಾಗಿ ತೆಗೆಯಲೂ ಬಾರದು. ಇನ್ನು ಪೆಸ್ತೊಗೆ ಹಾಕುವ ಪಾರ್ಮಿಜಾನೊ ಚೀಸನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನೂ ಒಲ್ಲದವರು ಟೊಮೆಟೊ ಪಾಸ್ತಾ ಕೇಳಿ 'ಸೆಂತ್ಸಾ ಫೊರ್ಮಾಜ್ಜೊ' ಅನ್ನಿ, ಚೀಸ್ ಬೇಡ ಎಂದು ತಿಳಿಯುತ್ತದೆ. 'ಪಾಸ್ತಾ ಫ್ರೆಸ್ಕಾ' ಎಂದಿದ್ದರೆ ಮೊಟ್ಟೆ ಹಾಕಿರುವ ಸಾಧ್ಯತೆ ಹೆಚ್ಚು, ಕೇಳಿ ನೋಡಿ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು. ಮೊಂತೆರೊಸ್ಸೊ ಆಂಚೊವಿ ಮೀನಿಗೆ ಹೆಸರಾದದ್ದು. 'ಸೆಂತ್ಸಾ ಅಚ್ಚೂಗೆ' (ಆಂಚೊವಿ ಬೇಡ) ಎಂಬ ಎರಡು ಮಾತು ಅಲ್ಲಿ ಪದೇ ಪದೇ ಬೇಕಾಗುತ್ತದೆ. ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ. ಬಿಲ್ಲಿನಲ್ಲಿ ಕಾಣುವ 'ಕೊಪೆರ್ತೊ' ತಲೆಗಿಷ್ಟು ಎಂಬ ಕೂರುವ ಶುಲ್ಕ, ಮೋಸವಲ್ಲ.

ಸ್ಯಾಂಡಲ್ ಸಾಕೇ? – ಹೆಸರು ಬೇಡ, ತುಮಕೂರು

ಸಾಲದು. ಹವಾಯಿ ಚಪ್ಪಲಿಯಂಥದ್ದು ಹಾಕಿ ದಾರಿಗೆ ಬಂದರೆ ದಂಡ ಹಾಕುವುದಾಗಿ 2019ರಲ್ಲೇ ಉದ್ಯಾನದವರು ಹೇಳಿದ್ದಾರೆ. ಹಿಡಿತವಿರುವ ಅಡಿಯ ಮುಚ್ಚಿದ ಶೂ, ತಲೆಗೆ ಟೋಪಿ, ತಲಾ ಒಂದೂವರೆ ಲೀಟರ್ ನೀರು. ಊರೊಳಗೆ ಕುಡಿಯುವ ನೀರಿನ ನಲ್ಲಿಗಳಿವೆ, ಅಲ್ಲಿ ತುಂಬಿಸಿ. ನಡುದಾರಿಯಲ್ಲಿ ಸಿಗುತ್ತದೆಂದು ನಂಬಬೇಡಿ. ಬೆಳಗ್ಗೆ ಎಂಟಕ್ಕೆ ಹೊರಟರೆ ಬಿಸಿಲೂ, ಹಡಗುಗಳಿಂದ ಇಳಿದು ಬರುವ ಗುಂಪುಗಳೂ ತಪ್ಪುತ್ತವೆ.

ಉಳಿಯಲು ಐದರಲ್ಲಿ ಯಾವ ಊರು? – ಹುಬ್ಬಳ್ಳಿ

ದೊಡ್ಡ ಸೂಟ್‌ಕೇಸ್ ಇದ್ದರೆ ಐದರಲ್ಲಿ ಮೊಂತೆರೊಸ್ಸೊ ಒಂದೇ. ಅಲ್ಲಿ ಸಮತಟ್ಟು ಬೀದಿಯೂ ಮರಳಿನ ಕಿನಾರೆಯೂ ಉಂಟು. ಉಳಿದೆಡೆ ರೂಮು ಎಂದರೆ ಸಾಮಾನ್ಯವಾಗಿ ಲಿಫ್ಟ್ ಇಲ್ಲದ ಮನೆಯ ಮೂರನೇ ಮಹಡಿ, ಅದಕ್ಕೂ ಮೊದಲು ಓಣಿಯ ಮೆಟ್ಟಿಲುಗಳು. ಖರ್ಚು ಹಿಡಿತದಲ್ಲಿರಬೇಕೆಂದರೆ ಲೇವಂತೊ ಅಥವಾ ಲಾ ಸ್ಪೇತ್ಸಿಯಾ. ನಮ್ಮ ಮತ ಲೇವಂತೊಗೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ಕೈಬಿಡಿ, ಊರೊಳಗೆ ಬಿಡುವುದಿಲ್ಲ.

ರೈಲು ಮುಷ್ಕರ ಆದರೆ? – ಪುಣೆಯ ಕನ್ನಡಿಗರು

ಫಲಕದಲ್ಲಿ 'ಶೋಪೆರೊ' ಎಂದು ಕಂಡರೆ ಮುಷ್ಕರ, 'ಸೊಪ್ಪ್ರೆಸ್ಸೊ' ಎಂದರೆ ಆ ರೈಲು ರದ್ದು. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ನಿಗದಿತ ಪ್ರಾದೇಶಿಕ ರೈಲುಗಳು ಓಡಬೇಕೆಂಬ ನಿಯಮವಿದೆ. ಬೆಳಗಿನ ಗಾಡಿಯಲ್ಲಿ ಹೋಗಿ ನಡೆದು, ಸಂಜೆಯ ಗಾಡಿಗೆ ನಿಲ್ದಾಣಕ್ಕೆ ಬನ್ನಿ. ವಿಮಾನ ಹಿಡಿಯುವ ದಿನ ಮುಷ್ಕರ ಬಿದ್ದರೆ ಹಿಂದಿನ ರಾತ್ರಿಯೇ ಪೀಸಾ ಅಥವಾ ಮಿಲಾನ್ ಸೇರಿಕೊಳ್ಳಿ.