ಪ್ರತಿಕ್ರಿಯೆ: ಎಫೆಸಸ್‌ಗೆ ಹಡಗಿನವರ ಬಸ್ಸೋ, ಬೇರೆ ಗೈಡೋ?

ಸಾಗರದಿಂದ ಕೇಳಿದ್ದೀರಿ. ಅಪ್ಪ ಅಮ್ಮನ ಹಡಗು ಟರ್ಕಿಯ ಕುಶಾದಸಿಯಲ್ಲಿ ಒಂದು ಹಗಲು ನಿಲ್ಲುತ್ತದೆ, ಅಮ್ಮನಿಗೆ ಮಂಡಿ ನೋವು, ಎಫೆಸಸ್ ಎಂಬ ಪ್ರಾಚೀನ ನಗರದ ಅವಶೇಷ ನೋಡಲು ಹಡಗಿನವರ ಬಸ್ಸೋ, ಬೇರೆ ಗೈಡೋ ಅಂತ. ಗೈಡ್, ಕಾರು ಮಾಡಿಕೊಳ್ಳಲಿ. ಬಸ್ಸಿನ ಗುಂಪು ಮಂಡಿ ನೋವಿಗೆಲ್ಲ ಕಾಯುವುದಿಲ್ಲ.

ಬಂದರಿನಿಂದ ಸುಮಾರು 20 ಕಿ.ಮೀ. ಅಷ್ಟೇ. ಮೇಲಿನ ಗೇಟಿನಲ್ಲಿ ಇಳಿಸಿ ಕೆಳಗಿನ ಗೇಟಿನಲ್ಲಿ ಹತ್ತಿಸಿಕೊಳ್ಳಲು ಮೊದಲೇ ಹೇಳಿ. ಆಗ ದಾರಿ ಬಹುಪಾಲು ಇಳಿಜಾರು. ಆದರೆ ಅಮೃತಶಿಲೆಯ ಹಾಸು ಸವೆದು ನುಣ್ಣಗಾಗಿದೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ನಮ್ಮ ಅಂಗಳದ ಹಾಗೆ ಜಾರುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ. ನೆರಳು ಕಡಿಮೆ, ಕೊಡೆ ಇರಲಿ.

ರೋಮನ್ ರಾಜ್ಯಪಾಲ ಸೆಲ್ಸಸ್ ಹೆಸರಿನ ಗ್ರಂಥಾಲಯದ ಎರಡಂತಸ್ತಿನ ಮುಂಭಾಗ 2ನೇ ಶತಮಾನದ್ದು. ಬಿದ್ದಿದ್ದ ಕಲ್ಲುಗಳನ್ನು 1970ರ ದಶಕದಲ್ಲಿ ಜೋಡಿಸಿ ನಿಲ್ಲಿಸಿದರು. ಅದರ ಅಡಿಯಲ್ಲಿ ಸೆಲ್ಸಸ್‌ನ ಸಮಾಧಿಯೇ ಇದೆ. ಗೈಡ್ ಇಲ್ಲದಿದ್ದರೆ ಇದೆಲ್ಲ ಸುಮ್ನೆ ಕಲ್ಲು ನೋಡಿಕೊಂಡು ಬಂದಂತೆ, ಅಲ್ವಾ? ಹತ್ತಿರದಲ್ಲೇ ಹಳೆಯ ಸಾರ್ವಜನಿಕ ಶೌಚಾಲಯವೂ ಇದೆ. ಉದ್ದನೆಯ ಕಲ್ಲಿನ ಬೆಂಚು, ಸಾಲಾಗಿ ತೂತುಗಳು, ನಡುವೆ ಅಡ್ಡಗೋಡೆಯೇ ಇಲ್ಲ! ಗುಡ್ಡಕ್ಕೆ ಅಂಟಿಕೊಂಡ ಶ್ರೀಮಂತರ ಮನೆಗಳಿಗೆ ಬೇರೆ ಟಿಕೆಟ್, ಮೆಟ್ಟಿಲೂ ಜಾಸ್ತಿ. ಅಪ್ಪ ಬೇಕಾದರೆ ಹೋಗಿ ಬರಲಿ.

ಒಂದು ಮುಖ್ಯ ವಿಷಯ. ಹಡಗಿನವರ ಟೂರ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ನೀವೇ ಮಾಡಿಕೊಂಡ ಕಾರಿಗೆ ಕಾಯುವುದಿಲ್ಲ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇನಾ ಅಂತ ಇಳಿಯುವಾಗಲೇ ನೋಡಿಕೊಳ್ಳಲಿ. ಹೊರಡುವ ಎರಡು ಗಂಟೆ ಮೊದಲೇ ಬಂದರಿನಲ್ಲಿರಲಿ.

ಗೈಡ್ ಬಳಿ ಸರ್ಕಾರಿ ಲೈಸೆನ್ಸ್ ಕಾರ್ಡ್ ಇರಬೇಕು. ಕಾರ್ಪೆಟ್ ಅಂಗಡಿ ಬೇಡ ಅಂತ ಬುಕ್ ಮಾಡುವಾಗಲೇ ಬರೆದುಬಿಡಿ. ಇಲ್ಲದಿದ್ದರೆ ಟೀ ಕುಡಿಸಿ ಅಲ್ಲೇ ಕೂರಿಸಿಬಿಡುತ್ತಾರೆ.