ಮಳೆಗಾಲಕ್ಕೂ ಆಗಿಬರುವ ಇಳಿಜಾರು

ಪ್ರಶ್ನೆ: ನಮ್ಮೂರ ಗ್ರಂಥಾಲಯಕ್ಕೆ ಮೂರು ಮೆಟ್ಟಿಲು, ಒಟ್ಟು ಎತ್ತರ 45 ಸೆಂ.ಮೀ. ಗಾಲಿಕುರ್ಚಿಗೆಂದು ಒಂದೂವರೆ ಮೀಟರ್ ಉದ್ದದ ಇಳಿಜಾರು ಹಾಕಿಕೊಡುತ್ತೇನೆ ಅಂತಾರೆ ಮೇಸ್ತ್ರಿ. ಸಾಕೇ? ಬಾಗಿಲ ಪಕ್ಕ ಗೋಡೆಗುಂಟ ನಾಲ್ಕೂವರೆ ಮೀಟರ್ ಜಾಗವಿದೆ. (ತೀರ್ಥಹಳ್ಳಿ)

ಉತ್ತರ: ಸಾಲದು. ಅದು ಸ್ಕೂಟರ್ ಹತ್ತಿಸುವ ಇಳಿಜಾರು. ಗಾಲಿಕುರ್ಚಿಗಾದರೆ ಒಂದಡಿ ಏರಲು ಕನಿಷ್ಠ ಹನ್ನೆರಡು ಅಡಿ ಓಟ (ಇಳಿಜಾರಿನ ಉದ್ದ) ಬೇಕು. 45 ಸೆಂ.ಮೀ.ಗೆ 5.4 ಮೀಟರ್. ನಿಮ್ಮ ಜಾಗಕ್ಕೆ ಒಂದೇ ಓಟ ಹಿಡಿಯುವುದಿಲ್ಲ, ಮಡಚಬೇಕು: 2.7 ಮೀಟರ್ ಏರಿ, ಒಂದೂವರೆ ಮೀಟರ್ ಸಮತಟ್ಟು, ತಿರುಗಿ ಮತ್ತೆ 2.7. ಉದ್ದ 4.2 ಮೀಟರಿಗೆ ಮುಗಿಯುತ್ತದೆ. ಒಳ ಅಗಲ 1.2 ಮೀಟರ್ ಇರಲಿ. ಕೆಳಗೆ ಶುರುವಾಗುವಲ್ಲಿ, ಮೇಲೆ ಬಾಗಿಲ ಮುಂದೆ ಒಂದೂವರೆ ಮೀಟರ್ ಸಮತಟ್ಟು ಬಿಡಿ. ಇಲ್ಲವಾದರೆ ಬಾಗಿಲು ಎಳೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ.

ನಿಮ್ಮ ಕಡೆ ಇಳಿಜಾರು ಕೆಡುವುದು ಲೆಕ್ಕ ತಪ್ಪಿ ಅಷ್ಟೇ ಅಲ್ಲ, ನೀರಿನಿಂದ. ಗೋಡೆಗುಂಟ ಕಟ್ಟಿದರೆ ಹೆಂಚಿನ ಸೂರಿನ ನೀರೆಲ್ಲ ಅದರ ಮೇಲೇ ಬೀಳುತ್ತದೆ. ಜೂನ್‌ನಲ್ಲಿ ಶುರುವಾದ ಮಳೆ ನಿಲ್ಲುವ ಹೊತ್ತಿಗೆ ಹಸಿರು ಪಾಚಿ. ಆದ್ದರಿಂದ ಕಾಂಕ್ರೀಟಿಗೂ ಮೊದಲು ಸೂರಿಗೆ ನೀರು ಹಾಯಿಸುವ ತಗಡಿನ ದೋಣಿ ಕಟ್ಟಿಸಿ. ಮೇಲ್ಮೈಗೆ ಸಿಮೆಂಟ್ ತಿಳಿ ಬಳಿದು ನುಣುಪು ಮಾಡುವುದು ಮೇಸ್ತ್ರಿಗಳಿಗೆ ಅಭ್ಯಾಸ, ಹಾಗೆ ಮಾಡಲು ಬಿಡಬೇಡಿ. ಹಸಿ ಇರುವಾಗಲೇ ಗಟ್ಟಿ ಪೊರಕೆಯನ್ನು ಅಡ್ಡಕ್ಕೆ ಎಳೆದು ಗೀರು ಮೂಡಿಸಬೇಕು. ಪಾಲಿಶ್ ಗ್ರಾನೈಟ್ ಅಂತೂ ಬೇಡವೇ ಬೇಡ. ಗೋಡೆಯಿಂದ ಹೊರಗಡೆಗೆ 50ಕ್ಕೆ 1ರಷ್ಟು ವಾಟ ಕೊಡಿ. ಎರಡೂ ಅಂಚಿಗೆ 7 ಸೆಂ.ಮೀ. ಎತ್ತರದ ಕಟ್ಟು ಇದ್ದರೆ ಗಾಲಿ ಜಾರಿ ಕೆಳಗಿಳಿಯದು. ನೀರು ನಿಲ್ಲದಂತೆ ಹೊರಗಿನ ಕಟ್ಟಿನಲ್ಲಿ ಅಲ್ಲಲ್ಲಿ ಕಿಂಡಿ ಬಿಡಿ. ಹಿಡಿಕೆ ಪೈಪು 70 ಮತ್ತು 90 ಸೆಂ.ಮೀ. ಎರಡು ಎತ್ತರಕ್ಕೆ, ಎರಡೂ ಬದಿಗೆ.

ಹಣ ಕೊಡುವ ಮುಂಚೆ ಪರೀಕ್ಷೆ: 1.2 ಮೀಟರ್ ಉದ್ದದ ನೇರ ಪಟ್ಟಿಯನ್ನು ಇಳಿಜಾರಿನ ಮೇಲಿಟ್ಟು, ಕೆಳತುದಿ ಎತ್ತಿ ರಸಮಟ್ಟದಲ್ಲಿ ಸಮ ಮಾಡಿ. ಎತ್ತಿದ ತುದಿಯ ಕೆಳಗೆ 10 ಸೆಂ.ಮೀ.ಗಿಂತ ಹೆಚ್ಚು ಸಂದು ಕಂಡರೆ ಕಡಿದಾಯಿತು ಎಂದರ್ಥ.

ಪ್ರಶ್ನೆ: ನಮ್ಮ ಬಡಾವಣೆಯ ಹೊಸ ಫುಟ್‌ಪಾತಿನಲ್ಲಿ ಹಳದಿ ಉಬ್ಬು ಟೈಲು ಸಾಲಾಗಿ ಹೋಗಿ ನೇರ ವಿದ್ಯುತ್ ಕಂಬಕ್ಕೆ ಮುಟ್ಟುತ್ತದೆ. ತಂದೆಯವರಿಗೆ ಕಣ್ಣು ಕಾಣುವುದಿಲ್ಲ. ಏನು ಮಾಡಿಸಬಹುದು? (ಶಿವಮೊಗ್ಗ)

ಉತ್ತರ: ಉದ್ದ ಗೆರೆಯ ಟೈಲು ಎಂದರೆ ನಡೆಯಿರಿ, ಬೊಟ್ಟಿನದು ಎಂದರೆ ನಿಲ್ಲಿ, ಮುಂದೇನೋ ಇದೆ. ಗುತ್ತಿಗೆದಾರರು ಒಂದೇ ಜಾತಿಯದನ್ನು ಲೋಡುಗಟ್ಟಲೆ ತಂದು ಉದ್ದಕ್ಕೂ ಬೊಟ್ಟನ್ನೇ ಹಾಕಿಬಿಡುತ್ತಾರೆ. ಆಮೇಲೆ ಯಾವ ಬೊಟ್ಟನ್ನೂ ನಂಬುವಂತಿಲ್ಲ. ಪೂರ್ತಿ ಕಿತ್ತು ಹಾಕಿಸಬೇಡಿ. ಕಂಬಕ್ಕೆ ಕೆಲವು ಮೀಟರ್ ಮುಂಚೆಯೇ ಸಾಲನ್ನು ಬದಿಗೆ ತಿರುಗಿಸಿ, ಕಂಬದಿಂದ 60 ಸೆಂ.ಮೀ. ದೂರದಲ್ಲಿ ಹಾಯಿಸಲು ಕೇಳಿ. ತಿರುವಿನಲ್ಲೂ, ರಸ್ತೆಗೆ ಇಳಿಯುವಲ್ಲೂ ಮಾತ್ರ ಬೊಟ್ಟು ಬರಲಿ. ಬೊಟ್ಟು ಏಳುವುದೇ ಸುಮಾರು 5 ಮಿ.ಮೀ., ನಡುವೆ ಮಣ್ಣು, ಪಾಚಿ ತುಂಬಿದರೆ ಕೋಲಿಗೂ ಸಿಗದು, ಕಾಲಿಗೂ ಸಿಗದು. ಗಟ್ಟಿ ಬ್ರಷ್, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುವುದನ್ನೂ ನಿರ್ವಹಣೆಯ ಕರಾರಿಗೆ ಸೇರಿಸಬೇಕು.

ಪ್ರಶ್ನೆ: ಪಾರ್ಕಿಗೆ ಬೈಕು, ದನ ನುಗ್ಗಬಾರದು, ಗಾಲಿಕುರ್ಚಿ ಹೋಗಬೇಕು. ಗೇಟು ಹೇಗಿರಬೇಕು? (ಸಾಗರ)

ಉತ್ತರ: ಬೈಕಿನ ಹ್ಯಾಂಡಲ್, ಗಾಲಿಕುರ್ಚಿ ಎರಡೂ ಹೆಚ್ಚುಕಡಿಮೆ ಒಂದೇ ಅಗಲ. ಬೈಕನ್ನು ತಡೆಯುವ ಸಂದು ಕುರ್ಚಿಯನ್ನೂ ತಡೆಯುತ್ತದೆ. ಬೈಕಿಗೆ ಕಾವಲುಗಾರನೇ ಮದ್ದು. ದನಕ್ಕೆ ದಾರಿಯುಂಟು: 90 ಸೆಂ.ಮೀ. ತೆರೆಯುವ, ತಾನೇ ಮುಚ್ಚಿಕೊಳ್ಳುವ, ರಸ್ತೆಕಡೆಗೆ ಎಳೆದು ತೆರೆಯುವ ಹಗುರ ಗೇಟು. ದನ ತಲೆಯಿಂದ ತಳ್ಳುತ್ತದೆ, ಎಳೆಯುವುದಿಲ್ಲ. ಚಿಲಕ 90 ಸೆಂ.ಮೀ. ಎತ್ತರಕ್ಕೆ, ಅದರ ಪಕ್ಕ 60 ಸೆಂ.ಮೀ. ಖಾಲಿ.

ಪ್ರಶ್ನೆ: ಇಳಿಜಾರು, ಹಿಡಿಕೆ ಇದೆಲ್ಲ ಬರೀ ಸಲಹೆ, ಕಡ್ಡಾಯವಲ್ಲ ಅಂತಾರಲ್ಲ? (ಹೊಸನಗರ)

ಉತ್ತರ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 44ನೇ ಕಲಮಿನ ಪ್ರಕಾರ ವಿಕಲಚೇತನರ ಪ್ರವೇಶದ ನಿಯಮ ಪಾಲಿಸದ ಕಟ್ಟಡಕ್ಕೆ ಕಾಮಗಾರಿ ಪೂರ್ಣಗೊಂಡ ಪತ್ರ ಸಿಗಕೂಡದು. ಈ ಪ್ರವೇಶದ ಮಾರ್ಗಸೂಚಿಯನ್ನು ಬರೀ ಸಲಹೆಯಾಗಿಟ್ಟ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯ ಮಾನದಂಡ ರೂಪಿಸಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿದೆ. ದೂರು ಬರೆಯುವಾಗ ‘ಅನಾನುಕೂಲವಾಗಿದೆ’ ಅಂತ ಬರೆಯಬೇಡಿ. ಟೇಪು ಹಿಡಿದ ಫೋಟೊ ಲಗತ್ತಿಸಿ, ‘ಎತ್ತರ 45 ಸೆಂ.ಮೀ., ಉದ್ದ 1.5 ಮೀಟರ್’ ಎಂದು ಬರೆದು, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ.