ವರ್ಲ್ಡ್ ಬ್ಯಾಂಕ್ ಶುರುವಾಗಿದ್ದು ಯುರೋಪನ್ನ ಮತ್ತೆ ಕಟ್ಟೋಕೆ ಅಲ್ವಾ, ಈಗ ಬಡತನ, ಹವಾಮಾನ ಅಂತ ಯಾಕೆ ಎಲ್ಲದಕ್ಕೂ ಕೈ ಹಾಕ್ತಿದೆ?

ಹೌದು, ಮುಖ್ಯವಾಗಿ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಹಾಳಾದ ದೇಶಗಳನ್ನ ಮತ್ತೆ ಕಟ್ಟೋಕೇ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಮಾಡಿದ್ದು, ಮೊದಲನೇ ಸಾಲ ಹೋಗಿದ್ದು 1947ರಲ್ಲಿ ಫ್ರಾನ್ಸ್‌ಗೆ, 25 ಕೋಟಿ ಡಾಲರ್. ಆದ್ರೆ ಮುಂದಿನ ವರ್ಷವೇ ಅಮೆರಿಕ ಮಾರ್ಷಲ್ ಪ್ಲಾನ್ ಅಂತ ಯುರೋಪಿಗೆ ದುಡ್ಡು ಸುರಿಯೋಕೆ ಶುರು ಮಾಡ್ತು, ಅದ್ರ ಮುಂದೆ ಬ್ಯಾಂಕಿನ ಸಾಲ ಯಾವ ಲೆಕ್ಕ, ಹಾಗಾಗಿ ಚಿಲಿ, ಇಂಡಿಯಾ ಕಡೆ ತಿರುಗ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಆಮೇಲೂ ಈ ಬ್ಯಾಂಕ್ ತಾನಾಗೇ ಬದಲಾಗಿದ್ದು ಕಮ್ಮಿ, ಹೊರಗಿಂದ ಒತ್ತಡ ಬಿದ್ದಾಗ್ಲೇ ಜಾಸ್ತಿ.

ಬ್ಯಾಂಕ್ ಬಾಂಡ್ ಮಾರಿ ದುಡ್ಡೆತ್ತುತ್ತೆ, ಅದಕ್ಕೇ ವಾಪಸ್ ಬರುತ್ತೆ ಅನ್ನೋ ಕಡೆಗೆ ಮಾತ್ರ ಕೊಡ್ತಿತ್ತು, ಅಣೆಕಟ್ಟು, ಕರೆಂಟು, ರೈಲ್ವೆ ಇಂಥವಕ್ಕೆ. ಕಡುಬಡ ದೇಶಗಳಿಗೆ ಆ ಬಡ್ಡಿ ಕಟ್ಟೋಕಾಗಲ್ಲ ಅಂತ 1960ರಲ್ಲಿ ಐಡಿಎ ಅನ್ನೋ ಬ್ಯಾಂಕಿನ ಇನ್ನೊಂದು ವಿಭಾಗ ಬಂತು, ಶ್ರೀಮಂತ ದೇಶಗಳು ಹಾಕೋ ದುಡ್ಡಿಂದ ಬಡ್ಡಿ ಇಲ್ಲದ ಸಾಲ, ಆಗ ತೀರಿಸೋಕೆ 50 ವರ್ಷ ಇತ್ತು, ಮೊದಲ 10 ವರ್ಷ ಅಸಲು ಕಟ್ಟಬೇಕಾಗಿರ್ಲಿಲ್ಲ. ನನ್ನ ಪ್ರಕಾರ ಗುರಿ ನಿಜವಾಗ್ಲೂ ಬದಲಾಗಿದ್ದು ಇಲ್ಲೇ, 1973ರಲ್ಲಿ ಬ್ಯಾಂಕಿನ ಆಗಿನ ಅಧ್ಯಕ್ಷ ಮೆಕ್‌ನಮಾರ ನೈರೋಬಿಯಲ್ಲಿ ಸಣ್ಣ ರೈತರ ಬಗ್ಗೆ ಭಾಷಣ ಮಾಡಿದ್ದು ಆಮೇಲಿನ ಮಾತು. 80ರ ದಶಕದಲ್ಲಿ ಸಬ್ಸಿಡಿ ಕಡಿಮೆ ಮಾಡಿ, ಸರ್ಕಾರಿ ಕಂಪನಿ ಮಾರಿ ಅಂತ ಷರತ್ತು ಹಾಕಿ ಸಾಲ ಕೊಟ್ರು, ಅದಕ್ಕೆ ಬೈಗುಳವೂ ಸಾಕಷ್ಟು ಬಿತ್ತು.

ನರ್ಮದಾ ವಿಷಯ ಮಾತ್ರ ಗೊತ್ತಿರ್ಲೇಬೇಕು. ಆ ನದಿಯ ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ 45 ಕೋಟಿ ಡಾಲರ್ ಒಪ್ಕೊಂಡಿದ್ರು, ಮುಳುಗೋ ಊರಿನ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕೇ ಮೋರ್ಸ್ ಸಮಿತಿ ಅನ್ನೋ ಸ್ವತಂತ್ರ ತನಿಖಾ ಸಮಿತಿ ನೇಮಿಸಬೇಕಾಯ್ತು, ಪುನರ್ವಸತಿ ಸರಿಯಾಗಿಲ್ಲ, ಬ್ಯಾಂಕ್ ತನ್ನ ನಿಯಮವನ್ನ ತಾನೇ ಪಾಲಿಸಿಲ್ಲ ಅಂತ 1992ರಲ್ಲಿ ಆ ಸಮಿತಿ ನೇರವಾಗಿ ಬರೀತು. 1993ರಲ್ಲಿ ಭಾರತ ಉಳಿದ ಸಾಲ ಬೇಡ ಅಂತು, ಅದೇ ವರ್ಷ ಬ್ಯಾಂಕ್ ಇನ್‌ಸ್ಪೆಕ್ಷನ್ ಪ್ಯಾನಲ್ ಮಾಡ್ತು. ಯೋಜನೆಯಿಂದ ತೊಂದರೆ ಆದವರು ಇಬ್ಬರೇ ಇದ್ರೂ ಸೇರ್ಕೊಂಡು ಅಲ್ಲಿಗೆ ದೂರು ಕೊಡಬಹುದು. ಯೋಜನೆ ನಿಲ್ಲಿಸೋ ಅಧಿಕಾರ ಪ್ಯಾನಲ್‌ಗಿಲ್ಲ, ತನಿಖೆ ಮಾಡಿ ಬೋರ್ಡ್‌ಗೆ ವರದಿ ಕೊಡುತ್ತೆ ಅಷ್ಟೇ, ಆದ್ರೂ ದೂರು ಕೇಳೋರು ಒಬ್ಬರಾದ್ರೂ ಇದ್ದಾರಲ್ಲ, ನನಗೆ ಅದು ತುಂಬಾ ದೊಡ್ಡದು ಅನ್ಸುತ್ತೆ.

ನೀವು ಕೇಳಿದ ಹವಾಮಾನ ಗುರಿಯೊಳಗೆ ಸೇರಿದ್ದು 2023ರಲ್ಲಿ, ಅಜಯ್ ಬಂಗಾ ಬ್ಯಾಂಕಿನ ಅಧ್ಯಕ್ಷರಾಗಿ ಬಂದ ಮೇಲೆ, ಬಡತನ ಇಲ್ಲದ ಜಗತ್ತು ಅನ್ನೋದಕ್ಕೆ ಬದುಕೋಕಾಗೋ ಭೂಮಿ ಅಂತ ಸೇರಿಸಿದ್ರು. ಬರ, ಪ್ರವಾಹ ಮೊದಲು ಹೊಡೆಯೋದು ಬಡವರಿಗೇ, ಹಾಗಾಗಿ ತಪ್ಪು ಅನ್ನಲ್ಲ ನಾನು. ಆದ್ರೆ ಐಡಿಎಗೆ ಹೆಚ್ಚು ದುಡ್ಡು ಹಾಕೋದು ಈಗಲೂ ಶ್ರೀಮಂತ ದೇಶಗಳೇ, ಕೆಲಸ ಮಾತ್ರ ಹೆಚ್ಚಾಗ್ತಾ ಹೋಗಿದೆ, ಕಡುಬಡ ದೇಶಗಳ ಶಾಲೆ, ಆಸ್ಪತ್ರೆ ಪಾಲಿಗೆ ಕತ್ತರಿ ಬೀಳುತ್ತೇನೋ ಅನ್ನೋ ಆತಂಕ ನನಗಿದೆ.